ಮರಳಿ ಬಂದ ಸರಕಿನ ಲಿಲಾವು: ಕೂಗುವ ಮುನ್ನ ಮಾಡಬೇಕಾದ ಲೆಕ್ಕ

ಗಡಿನಾಡಿನ ಶರಣ ಬಂಧುಗಳಿಗೆ ಲಿಲಾವು ಹೊಸದಲ್ಲ. ಸೊಲ್ಲಾಪುರದ ಪೇಟೆಗೆ ಉಳ್ಳಾಗಡ್ಡಿ ಒಯ್ದ ರೈತರೂ ಆದೋನಿಯ ಯಾರ್ಡಿಗೆ ಹತ್ತಿ ಒಯ್ದ ರೈತರೂ ಅದನ್ನು ಕಣ್ಣಾರೆ ಕಂಡವರು. ಅಲ್ಲಿ ಖರೀದಿದಾರನು ಚೀಲದ ಬಾಯಿ ಬಿಚ್ಚಿಸುತ್ತಾನೆ, ಮಾಲನ್ನು ಕೈಯಲ್ಲಿ ಹಿಡಿದು ನೋಡುತ್ತಾನೆ, ಆಮೇಲೆ ದರ ಕೂಗುತ್ತಾನೆ. ಮಾಲು ಕಣ್ಣ ಮುಂದೆ ಇರುವುದರಿಂದ ತಪ್ಪಿದರೂ ಸ್ವಲ್ಪವೇ ತಪ್ಪುತ್ತದೆ.

ಇದಕ್ಕೆ ತೀರ ಭಿನ್ನವಾದ ಇನ್ನೊಂದು ಬಗೆಯ ಲಿಲಾವು ಅಮೆರಿಕ ದೇಶದಲ್ಲಿ ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ದೊಡ್ಡ ಅಂಗಡಿಗಳಿಗೆ ಗಿರಾಕಿಗಳು ಮರಳಿಸಿದ ಸರಕನ್ನೂ ಮಾರಾಟವಾಗದೆ ಉಳಿದ ಸರಕನ್ನೂ ಕಟ್ಟಿಗೆಯ ಹಲಗೆಯ ಮೇಲೆ ಒಟ್ಟಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಇಂಟರ್‌ನೆಟ್ಟಿನಲ್ಲಿ ಇಡಿಯಾಗಿ ಹರಾಜು ಹಾಕುವ ಪದ್ಧತಿ ಅದು. ಆ ಹಲಗೆಗೆ ಪ್ಯಾಲೆಟ್ ಎನ್ನುತ್ತಾರೆ. ಸರಕಿನ ಸಮೇತ ಇಡೀ ಕಟ್ಟಿಗೂ ಅದೇ ಹೆಸರು. ಸಣ್ಣ ವ್ಯಾಪಾರಿಗಳು ಅದನ್ನು ಕೊಂಡು, ಬಿಚ್ಚಿ, ಒಂದೊಂದಾಗಿ ಮಾರಿ ಲಾಭ ಹುಡುಕುತ್ತಾರೆ.

ಇದು ನಮಗೇಕೆ ಎಂದು ಕೇಳಬಹುದು. ಕಾರಣಗಳು ಮೂರು. ಒಂದು, ನಮ್ಮ ಮನೆಗಳಿಂದ ಓದಲು, ದುಡಿಯಲು ಅಮೆರಿಕಕ್ಕೆ ಹೋದ ಮಕ್ಕಳು ಈ ವ್ಯಾಪಾರದ ವರ್ಣನೆ ಕೇಳಿ ಕೈಹಾಕಲು ಮನಸ್ಸು ಮಾಡುವುದುಂಟು. ಕೆಲವೊಮ್ಮೆ ಊರಿನಿಂದ ಬಂಡವಾಳವನ್ನೂ ಕೇಳುವುದುಂಟು. ಎರಡು, ಇದೇ ಹೆಸರು ಹೇಳಿ ನಮ್ಮ ಮೊಬೈಲುಗಳಿಗೇ ಮೋಸದ ಜಾಹೀರಾತುಗಳು ಬರುತ್ತವೆ. ಮೂರು, ಇದರಲ್ಲಿರುವ ಪಾಠವು ಯಾವ ಹರಾಜಿಗೂ, ಗುಜರಿಯ ಹರಾಜಿಗೂ, ಅನ್ವಯಿಸುತ್ತದೆ. ಆದುದರಿಂದ ವಿಷಯವನ್ನು ಬುಡದಿಂದ ನೋಡೋಣ.

೧. ಈ ಸರಕು ಎಲ್ಲಿಂದ ಬರುತ್ತದೆ?

ನಮ್ಮ ಪೇಟೆಯಲ್ಲಿ ಒಮ್ಮೆ ಕೊಂಡ ಸೀರೆಯನ್ನು ಮರಳಿ ಒಯ್ದರೆ ಅಂಗಡಿಯವರ ಮುಖ ಬಾಡುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಇಷ್ಟು ದಿನಗಳೊಳಗೆ ಮರಳಿಸಿದರೆ ಹಣ ವಾಪಸು ಎಂಬುದು ಅಲ್ಲಿಯ ದೊಡ್ಡ ಅಂಗಡಿಗಳ ಸಾಮಾನ್ಯ ನಿಯಮ. ಆ ದೇಶದ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟದ ಅಂದಾಜಿನಂತೆ 2023ರಲ್ಲಿ ಮರಳಿ ಬಂದ ಸರಕಿನ ಮೌಲ್ಯ 743 ಬಿಲಿಯನ್ ಡಾಲರ್, ಅಂದರೆ 74,300 ಕೋಟಿ ಡಾಲರ್. ಇದು ಒಟ್ಟು ಮಾರಾಟದ ಶೇಕಡಾ 14.5. ನೂರು ರೂಪಾಯಿ ವ್ಯಾಪಾರದಲ್ಲಿ ಹದಿನಾಲ್ಕೂವರೆ ರೂಪಾಯಿಯ ಮಾಲು ತಿರುಗಿ ಬಂದ ಹಾಗೆ.

ಹೀಗೆ ಬಂದ ಒಂದೊಂದು ಪೆಟ್ಟಿಗೆಯನ್ನೂ ಬಿಚ್ಚಿ, ಪರೀಕ್ಷಿಸಿ, ಮತ್ತೆ ಕಟ್ಟಿ ಅಟ್ಟಕ್ಕೆ ಏರಿಸಲು ಆಳಿನ ಕೂಲಿ ಬೇಕು, ಜಾಗ ಬೇಕು. ಎಷ್ಟೋ ವಸ್ತುಗಳಿಗೆ ಆ ಖರ್ಚು ವಸ್ತುವಿನ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಅಂಗಡಿಯವರು ಅದನ್ನು ಬಿಚ್ಚದೆಯೇ ಒಟ್ಟು ಮಾರಿ ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ಓದುಗರು ಒಂದು ಮಾತನ್ನು ಗಟ್ಟಿಯಾಗಿ ಹಿಡಿಯಬೇಕು: ಪರೀಕ್ಷಿಸುವ ಶ್ರಮವು ಮಾರುವವನಿಗೆ ದುಬಾರಿಯಾಯಿತೆಂದೇ ಆ ಶ್ರಮ ಕೊಳ್ಳುವವನ ಹೆಗಲಿಗೆ ಬಂದಿದೆ. ಸರಕು ಅಗ್ಗವಾದದ್ದು ಕರುಣೆಯಿಂದಲ್ಲ.

ಇಂಥ ಹರಾಜು ನಡೆಸಲೆಂದೇ ಕಂಪನಿಗಳು ಹುಟ್ಟಿವೆ. 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬವರು ಆರಂಭಿಸಿದ, ಆಮೇಲೆ ಈಬೇ ಎಂದು ಹೆಸರಾದ ತಾಣವು ಬಿಡಿ ವಸ್ತುಗಳ ಹರಾಜನ್ನು ಮನೆಮನೆಗೆ ತಂದಿತು. 1999ರಲ್ಲಿ ವಾಷಿಂಗ್ಟನ್ ನಗರದಲ್ಲಿ ಲಿಕ್ವಿಡಿಟಿ ಸರ್ವಿಸಸ್ ಎಂಬ ಕಂಪನಿ ಸ್ಥಾಪನೆಯಾಗಿ ಉಳಿಕೆ ಸರಕಿನ ಸಗಟು ಹರಾಜನ್ನೇ ಉದ್ಯೋಗ ಮಾಡಿಕೊಂಡಿತು. ಕ್ಯಾಲಿಫೋರ್ನಿಯಾದ ಬಿ-ಸ್ಟಾಕ್ ಎಂಬ ಕಂಪನಿಯು ದೊಡ್ಡ ಅಂಗಡಿ ಸಂಸ್ಥೆಗಳ ಪರವಾಗಿ ಇಂಥ ಹರಾಜುಗಳನ್ನು ನಡೆಸುತ್ತದೆ.

೨. ನಾಲ್ಕು ತರದ ಸರಕು

ಜೋಳದಲ್ಲಿ ತರಗಳಿರುವಂತೆ ಇದರಲ್ಲಿಯೂ ತರಗಳಿವೆ. ಮುಖ್ಯವಾದವು ನಾಲ್ಕು.

ಮೊದಲನೆಯದು ಉಳಿಕೆ ಸರಕು. ಅಂಗಡಿಯವರು ಹೆಚ್ಚು ತರಿಸಿ ಮಾರಲಾಗದೆ ಉಳಿದದ್ದು, ಹೊಸದು. ಎರಡನೆಯದು ಅಟ್ಟದಿಂದ ಇಳಿಸಿದ ಸರಕು. ಹಂಗಾಮು ಮುಗಿದದ್ದರಿಂದ ತೆಗೆದದ್ದು. ವಸ್ತು ಬಳಸಿದ್ದಲ್ಲ, ಆದರೆ ಪೆಟ್ಟಿಗೆ ಸವೆದಿರಬಹುದು, ಬೆಲೆಚೀಟಿ ಅಂಟಿರಬಹುದು. ಮೂರನೆಯದು ಗಿರಾಕಿ ಮರಳಿಸಿದ ಸರಕು. ಇದರಲ್ಲಿ ಮುಟ್ಟದ ವಸ್ತುವೂ ಇರುತ್ತದೆ, ಮುರಿದದ್ದೂ ಇರುತ್ತದೆ. ಮೊಬೈಲು ಹಿಂದಿನ ಬಳಕೆದಾರನ ಖಾತೆಗೆ ಬೀಗ ಬಿದ್ದ ಸ್ಥಿತಿಯಲ್ಲಿ ಬರಬಹುದು. ಮಿಕ್ಸರು ಜಾರಿಲ್ಲದೆ ಬರಬಹುದು. ನಾಲ್ಕನೆಯದು ಮುರುಕು. ಬಿಡಿಭಾಗಕ್ಕೆ ಮಾತ್ರ ಉಪಯೋಗ.

ಹರಾಜಿನ ಪುಟದಲ್ಲಿ ಈ ತರವನ್ನು ಬರೆದಿರುತ್ತಾರೆ. ಕೆಲವು ಪ್ಯಾಲೆಟ್ಟುಗಳಿಗೆ ಒಳಗಿನ ವಸ್ತುಗಳ ಪಟ್ಟಿ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಪಟ್ಟಿಯ ಕೊನೆಯಲ್ಲಿ ಒಂದು ದೊಡ್ಡ ಮೊತ್ತ ಕಾಣುತ್ತದೆ. ಹೊಸಬರು ಮೋಸಹೋಗುವುದು ಇಲ್ಲಿಯೇ. ಆ ಮೊತ್ತವು ಅವೇ ವಸ್ತುಗಳು ಹೊಸದಾಗಿ ಅಂಗಡಿಯಲ್ಲಿದ್ದಾಗ ಇದ್ದ ಬೆಲೆಗಳ ಕೂಡಿಕೆ. ಪ್ಯಾಲೆಟ್ಟಿನ ಈಗಿನ ಬೆಲೆಯಲ್ಲ.

೩. ಹರಾಜು ನಡೆಯುವ ಬಗೆ

ಹರಾಜಿಗೆ ಒಂದು ಮುಕ್ತಾಯದ ವೇಳೆ ಇರುತ್ತದೆ. ಕೊಳ್ಳುವವರು ತಮ್ಮ ತಮ್ಮ ಊರುಗಳಲ್ಲಿ ಕುಳಿತೇ ಕೂಗುತ್ತಾರೆ. ತನ್ನ ಗರಿಷ್ಠ ಮೊತ್ತವನ್ನು ಮೊದಲೇ ಬರೆದಿಟ್ಟರೆ ಯಂತ್ರವೇ ಅವನ ಪರವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ವ್ಯವಸ್ಥೆ ಅನೇಕ ಕಡೆ ಇದೆ. ಕೊನೆಯ ಕ್ಷಣದಲ್ಲಿ ಯಾರಾದರೂ ಏರಿಸಿದರೆ ವೇಳೆ ಕೆಲವು ನಿಮಿಷ ಮುಂದಕ್ಕೆ ಹೋಗುವುದೂ ಹಲವು ತಾಣಗಳಲ್ಲಿ ಉಂಟು. ಮತ್ತೆ ಏರಿಸಿದರೆ ಮತ್ತೆ ಮುಂದಕ್ಕೆ. ಆ ಹೊತ್ತಿನಲ್ಲಿ ಮನುಷ್ಯನಿಗೆ ಸರಕು ಮರೆತುಹೋಗಿ ಎದುರಾಳಿಯೇ ಕಾಣತೊಡಗುತ್ತಾನೆ. ಇನ್ನು ಹತ್ತು ಡಾಲರ್ ತಾನೆ ಎಂಬ ಮಾತು ಹತ್ತು ಸಲ ಬಂದರೆ ನೂರು ಡಾಲರ್ ಆಯಿತು.

ಹರಾಜಿನ ಕರಾರು ಸಾಮಾನ್ಯವಾಗಿ ಒಂದೇ: ಸರಕು ಎಲ್ಲಿದೆಯೋ ಅಲ್ಲಿಯೇ, ಹೇಗಿದೆಯೋ ಹಾಗೆಯೇ. ಕೊಂಡ ಮೇಲೆ ದೂರಿಗೆ ಅವಕಾಶ ಬಲು ಕಡಿಮೆ. ಗೆದ್ದ ಮೊತ್ತದ ಮೇಲೆ ಹರಾಜು ಸಂಸ್ಥೆಯ ಕಮಿಷನ್ ಬೇರೆ. ನಮ್ಮ ಅಡತಿ ಅಂಗಡಿಯ ಹಾಗೆ ಎಂದುಕೊಳ್ಳಿರಿ; ಆದರೆ ಅದು ಕೊಳ್ಳುವವನ ತಲೆಯ ಮೇಲೆ. ಸಾಗಣೆಯೂ ಅವನದೇ.

ಸಾಗಣೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಮೆರಿಕದ ಸಾಮಾನ್ಯ ಪ್ಯಾಲೆಟ್ 48 ಅಂಗುಲ ಉದ್ದ, 40 ಅಂಗುಲ ಅಗಲ. 53 ಅಡಿಯ ದೊಡ್ಡ ಲಾರಿಯ ನೆಲದ ಮೇಲೆ ಇಂಥವು 26 ಹಿಡಿಯುತ್ತವೆ. ಲಾರಿ ತುಂಬಿಸಿ ತರಿಸುವವನಿಗೆ ಒಂದೊಂದರ ಬಾಡಿಗೆ ಇಳಿಯುತ್ತದೆ; ಒಂದೇ ಒಂದು ತರಿಸುವವನಿಗೆ ಏರುತ್ತದೆ. ಗೋದಾಮಿಗಲ್ಲದೆ ಮನೆಯ ಬಾಗಿಲಿಗೆ ತರಿಸಿದರೆ ಬೇರೆ ದರ. ಲಾರಿಯಿಂದ ಯಂತ್ರದ ಮೂಲಕ ಇಳಿಸಿಕೊಟ್ಟರೆ ಅದಕ್ಕೂ ಬೇರೆ ದರ. ಸರಕಿಗಿಂತ ಬಾಡಿಗೆಯೇ ಹೆಚ್ಚಾಗುವ ಸಂದರ್ಭಗಳೂ ಇವೆ.

೪. ಗೆದ್ದವನಿಗೇ ನಷ್ಟ ಬರುವುದು ಹೇಗೆ?

ಬಾಯಿ ತೆರೆಯದ ಒಂದು ಹಗೇವು ಇದೆ ಎನ್ನಿ. ಒಳಗೆ ಎಷ್ಟು ಜೋಳ ಇದೆ, ಎಷ್ಟು ಮುಗ್ಗಿದೆ ಯಾರಿಗೂ ಗೊತ್ತಿಲ್ಲ. ಹತ್ತು ಮಂದಿ ವ್ಯಾಪಾರಿಗಳು ಬಂದು ಅಂದಾಜು ಕಟ್ಟುತ್ತಾರೆ. ಒಬ್ಬನು ನಲವತ್ತು ಚೀಲ ಎನ್ನುತ್ತಾನೆ, ಇನ್ನೊಬ್ಬನು ಐವತ್ತು, ಮತ್ತೊಬ್ಬನು ಎಪ್ಪತ್ತು. ನಿಜ ಹೆಚ್ಚಾಗಿ ನಡುವೆ ಎಲ್ಲೋ ಇರುತ್ತದೆ. ಆದರೆ ಹರಾಜಿನಲ್ಲಿ ಹಗೇವು ಯಾರ ಪಾಲಾಗುತ್ತದೆ? ಎಪ್ಪತ್ತು ಎಂದವನ ಪಾಲಾಗುತ್ತದೆ. ಎಲ್ಲರಿಗಿಂತ ಹೆಚ್ಚು ತಪ್ಪಿದವನೇ ಎಲ್ಲರಿಗಿಂತ ಮುಂದೆ ಬರುತ್ತಾನೆ.

ಇದು ಬರಿಯ ದೃಷ್ಟಾಂತವಲ್ಲ. 1971ರಲ್ಲಿ ಅಮೆರಿಕದ ಅಟ್ಲಾಂಟಿಕ್ ರಿಚ್‌ಫೀಲ್ಡ್ ಎಂಬ ತೈಲ ಕಂಪನಿಯ ಮೂವರು ಎಂಜಿನಿಯರುಗಳು, ಸಮುದ್ರದಡಿಯ ತೈಲಕ್ಷೇತ್ರಗಳನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ನಿರೀಕ್ಷಿಸಿದ ಲಾಭ ಏಕೆ ಬರುತ್ತಿಲ್ಲವೆಂದು ಬರೆದು ಇದನ್ನೇ ತೋರಿಸಿಕೊಟ್ಟರು. ಅದಕ್ಕೆ ಗೆದ್ದವನ ಶಾಪ ಎಂಬ ಹೆಸರೇ ಬಿದ್ದಿತು. ಹರಾಜಿನ ಶಾಸ್ತ್ರವನ್ನು ಬೆಳೆಸಿದ್ದಕ್ಕಾಗಿ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ವಿದ್ವಾಂಸರಿಗೆ 2020ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ತಿಳಿದ ವ್ಯಾಪಾರಿ ಈ ಶಾಪಕ್ಕೆ ಹೆದರಿ ತನ್ನ ಅಂದಾಜಿಗಿಂತ ಕೆಳಗೆ ಕೂಗುತ್ತಾನೆ ಎಂಬುದು ವಿಲ್ಸನ್ ಅವರು ತೋರಿಸಿದ ವಿಚಾರ. ಸರಕು ಎಷ್ಟು ಮುಚ್ಚಿದೆಯೋ ಅಷ್ಟು ಕೆಳಗೆ ಕೂಗಬೇಕು.

ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದರಂತೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದದ್ದೂ ಇದನ್ನೇ.

೫. ಒಂದು ಲೆಕ್ಕ

ಈಗ ಕಾಗದ, ಸೀಸ ತೆಗೆದುಕೊಂಡು ಲೆಕ್ಕ ಮಾಡೋಣ. ಅಂಕಿಗಳು ಅಭ್ಯಾಸಕ್ಕಾಗಿ ಇಟ್ಟುಕೊಂಡವು. ಕ್ರಮ ಮಾತ್ರ ಎಲ್ಲಿಯೂ ಇದೇ.

ಗಿರಾಕಿಗಳು ಮರಳಿಸಿದ ಮನೆಬಳಕೆ ಸಾಮಾನಿನ ಒಂದು ಪ್ಯಾಲೆಟ್. ಒಳಗೆ 80 ವಸ್ತುಗಳು. ಪಟ್ಟಿಯಲ್ಲಿ ಕಾಣುವ ಹೊಸ ಬೆಲೆ 4,000 ಡಾಲರ್. ಒಬ್ಬನು 600 ಡಾಲರಿಗೆ ಗೆದ್ದನು. ನಾಲ್ಕು ಸಾವಿರದ ಮಾಲು ಆರುನೂರಕ್ಕೆ ಬಂದಿತೆಂದು ಅವನಿಗೆ ಹಿಗ್ಗು.

ತಂದ ಖರ್ಚು ನೋಡಿರಿ. ಗೆದ್ದ ಮೊತ್ತ 600, ಶೇಕಡಾ 10ರಂತೆ ಕಮಿಷನ್ 60, ಬಾಡಿಗೆ 250, ಇಳಿಸುವ ಕೂಲಿ ಇತ್ಯಾದಿ 40. ಒಟ್ಟು 950 ಡಾಲರ್.

ಬಂದ ಹಣ ನೋಡಿರಿ. 40 ವಸ್ತುಗಳು ಚೆನ್ನಾಗಿವೆ. ಒಂದಕ್ಕೆ 22 ಡಾಲರಿನಂತೆ 880. 16 ವಸ್ತುಗಳು ರಿಪೇರಿಯ ಮಾಲು. ಒಂದಕ್ಕೆ 10ರಂತೆ 160. ಉಳಿದ 24 ಸತ್ತ ಮಾಲು. ಮಾರಾಟ ಒಟ್ಟು 1,040 ಡಾಲರ್. ಇದರಲ್ಲಿ ಮಾರಾಟದ ತಾಣದ ಶುಲ್ಕ, ಕಟ್ಟುವ ಪೆಟ್ಟಿಗೆ ಎಲ್ಲ ಸೇರಿ ಶೇಕಡಾ 15, ಅಂದರೆ 156 ಕಳೆಯಿರಿ. ಸತ್ತ ಮಾಲನ್ನು ಕಸಕ್ಕೆ ಸಾಗಿಸಲು 30 ಕಳೆಯಿರಿ. ಕೈಗೆ ಉಳಿದದ್ದು 854.

ಕೊಟ್ಟದ್ದು 950, ಬಂದದ್ದು 854. ನಷ್ಟ 96 ಡಾಲರ್. ಬಿಚ್ಚಿ, ಒರೆಸಿ, ಚಿತ್ರ ತೆಗೆದು, ಗಿರಾಕಿಗೆ ಉತ್ತರ ಬರೆದು ಕಳೆದ ದಿನಗಳಿಗೆ ಒಂದು ಕಾಸೂ ಇಲ್ಲ.

ಈಗ ಲೆಕ್ಕವನ್ನು ತಿರುಗಿಸಿ ಹಿಡಿಯಿರಿ. ಕೈಗೆ ಬರುವುದು 854. ತನ್ನ ದುಡಿಮೆಗೂ ಲಾಭಕ್ಕೂ 300 ಬೇಕು ಎಂದುಕೊಳ್ಳೋಣ, ಉಳಿದದ್ದು 554. ಬಾಡಿಗೆ, ಕೂಲಿಯ 290 ಕಳೆದರೆ 264. ಇದರಲ್ಲಿ ಕಮಿಷನ್ನೂ ಸೇರಬೇಕಾದ್ದರಿಂದ ಕೂಗು 240 ಡಾಲರ್, ಕಮಿಷನ್ 24. ಅಂದರೆ ಈ ಪ್ಯಾಲೆಟ್ಟಿಗೆ 240ರ ಮೇಲೆ ಒಂದು ಡಾಲರನ್ನೂ ಕೂಗತಕ್ಕದ್ದಲ್ಲ. ಆರುನೂರು ಅಗ್ಗವೆಂದು ಕಂಡದ್ದು ಎರಡೂವರೆ ಪಟ್ಟು ದುಬಾರಿ.

ಈ ಪಾಠದ ತಿರುಳು ಇಷ್ಟೇ: ಹರಾಜಿನಲ್ಲಿ ಲಾಭ ಹುಟ್ಟುವುದು ಮಾರುವ ದಿನವಲ್ಲ, ಕೂಗುವ ಮುನ್ನಾದಿನ. ಮಾರುವ ಬೆಲೆಯಿಂದ ಹಿಂದಕ್ಕೆ ನಡೆದು ಕೂಗಿನ ಮೇಲ್ಮಿತಿಯನ್ನು ಬರೆದಿಡಬೇಕು. ಹರಾಜು ಅದನ್ನು ದಾಟಿದರೆ ಎದ್ದು ಬರಬೇಕು. ಸೋತು ಎದ್ದವನ ಬಂಡವಾಳ ನಾಳೆಗೆ ಅವನ ಬಳಿಯೇ ಇರುತ್ತದೆ. ಮಾರುವ ಬೆಲೆಯನ್ನೂ ಊಹಿಸಬಾರದು. ಅದೇ ಸ್ಥಿತಿಯ ವಸ್ತುಗಳು ನಿಜವಾಗಿ ಎಷ್ಟಕ್ಕೆ ಮಾರಾಟವಾಗಿವೆ ಎಂದು ನೋಡಿ ಹಿಡಿಯಬೇಕು. ಯಾರೋ ಕೇಳುತ್ತಿರುವ ಬೆಲೆ ಬೇರೆ, ಗಿರಾಕಿ ಕೊಟ್ಟ ಬೆಲೆ ಬೇರೆ.

೬. ಅಲ್ಲಿರುವ ಮಕ್ಕಳಿಗೆ ತಿಳಿಸಬೇಕಾದ ಕಾಯಿದೆಗಳು

ಮೊದಲನೆಯದು ವೀಸಾ. ಎಚ್-1ಬಿ ವೀಸಾದ ಮೇಲೆ ಹೋದವನು ತನ್ನ ಪರವಾಗಿ ಅರ್ಜಿ ಹಾಕಿ ಒಪ್ಪಿಗೆ ಪಡೆದ ಸಂಸ್ಥೆಗೆ ಮಾತ್ರ ದುಡಿಯಬಹುದು. ವಿದ್ಯಾರ್ಥಿ ವೀಸಾದವನು ಅನುಮತಿ ಇಲ್ಲದ ಕೆಲಸ ಮಾಡುವಂತಿಲ್ಲ. ರಜೆಯ ದಿನ ಪ್ಯಾಲೆಟ್ ಬಿಚ್ಚಿ ಮಾರುವುದು ಸಣ್ಣ ಹವ್ಯಾಸವೆಂದು ಕಂಡರೂ, ಕಾಯಿದೆಯ ಕಣ್ಣಿನಲ್ಲಿ ಅನುಮತಿಯಿಲ್ಲದ ದುಡಿಮೆ ಆಗಬಹುದು. ಕೆಲವು ನೂರು ಡಾಲರಿನ ಆಸೆಗೆ ಇಡೀ ವಾಸ್ತವ್ಯವನ್ನೇ ಪಣಕ್ಕೆ ಇಟ್ಟಂತಾಗುತ್ತದೆ. ಅಲ್ಲಿಯ ವಲಸೆ ವಕೀಲರನ್ನು ಕೇಳದೆ ಹೆಜ್ಜೆ ಇಡಬಾರದು; ಊರಿನಿಂದ ಹಣ ಕಳಿಸುವ ತಂದೆಯೂ ಮೊದಲು ಈ ಪ್ರಶ್ನೆಯನ್ನೇ ಕೇಳಬೇಕು.

ಎರಡನೆಯದು, ಹಿಂದಕ್ಕೆ ಕರೆದ ವಸ್ತುಗಳು. ಅಪಾಯವೆಂದು ಕಂಪನಿ ಹಿಂದಕ್ಕೆ ಕರೆದ ತೊಟ್ಟಿಲು, ಹೀಟರು, ಆಟಿಕೆ ಮರಳಿ ಬಂದ ಸರಕಿನಲ್ಲಿ ಸೇರಿರಬಹುದು. 2008ರ ಗ್ರಾಹಕ ವಸ್ತು ಸುರಕ್ಷತಾ ಸುಧಾರಣಾ ಕಾಯಿದೆಯಂತೆ ಅಂಥವನ್ನು ಮಾರುವುದು ಅಲ್ಲಿ ಅಪರಾಧ. ಮರುಮಾರಾಟದವನಿಗೂ ವಿನಾಯಿತಿ ಇಲ್ಲ.

ಮೂರನೆಯದು, ಗುರುತು. 2023ರ ಜೂನ್ 27ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಹನ್ನೆರಡು ತಿಂಗಳಲ್ಲಿ ಹೊಸ ವಸ್ತುಗಳ 200 ಮಾರಾಟ ಮತ್ತು 5,000 ಡಾಲರ್ ವಹಿವಾಟು ಮುಟ್ಟಿದ ಮಾರಾಟಗಾರನ ಗುರುತು, ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆಗಳನ್ನು ಮಾರಾಟದ ತಾಣಗಳು ಪರಿಶೀಲಿಸಲೇಬೇಕು.

೭. ನಮ್ಮ ಕಡೆಯ ಮಾತು

ಅಮೆರಿಕದ ಪ್ಯಾಲೆಟ್ಟನ್ನು ಹಡಗಿನಲ್ಲಿ ತರಿಸಿ ಇಲ್ಲಿ ಮಾರಬಹುದೇ? ಸುಲಭವಲ್ಲ. ನಮ್ಮ ವಿದೇಶ ವ್ಯಾಪಾರ ನೀತಿಯಲ್ಲಿ, ಬಂಡವಾಳ ಯಂತ್ರಗಳನ್ನು ಬಿಟ್ಟು ಇತರ ಬಳಸಿದ ವಸ್ತುಗಳ ಆಮದು ನಿರ್ಬಂಧಿತ. ಕೇಂದ್ರ ಸರ್ಕಾರದ ಪರವಾನಗಿ ಬೇಕು. ಪರವಾನಗಿ ಇಲ್ಲದೆ ಬಂದ ಸರಕು ಬಂದರಿನಲ್ಲಿಯೇ ಸಿಕ್ಕಿಬೀಳುತ್ತದೆ.

ಆದರೆ ಇಂಟರ್‌ನೆಟ್ ಹರಾಜು ನಮ್ಮಲ್ಲಿಯೂ ಬೇರೂರಿದೆ. 1964ರಲ್ಲಿ ಸ್ಥಾಪನೆಯಾದ, ಕೋಲ್ಕತ್ತಾದಲ್ಲಿ ಕೇಂದ್ರ ಕಚೇರಿಯಿರುವ ಸರ್ಕಾರಿ ಸಂಸ್ಥೆ ಎಂಎಸ್‌ಟಿಸಿಯು ಸರ್ಕಾರಿ ಇಲಾಖೆ, ಕಾರ್ಖಾನೆಗಳ ಗುಜರಿ ಮತ್ತು ನಿರುಪಯೋಗಿ ಸಾಮಾನನ್ನು ಹೀಗೆಯೇ ಹರಾಜು ಹಾಕುತ್ತದೆ. ಇಲ್ಲಿಯೂ ಕರಾರು ಅದೇ: ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ. ಆದರೆ ಹರಾಜಿಗೆ ಮುನ್ನ ಹೋಗಿ ಮಾಲು ನೋಡುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಬಸ್ಸಿನ ಖರ್ಚಿಗೆ ನೋಡಿ ಅದನ್ನು ಬಿಡಬಾರದು. 2016ರ ಏಪ್ರಿಲ್ 14ರಂದು ಆರಂಭವಾದ ಇ-ನಾಮ್ ವ್ಯವಸ್ಥೆಯಲ್ಲಿ ರೈತನ ಮಾಲಿಗೂ ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ. ಅಲ್ಲಿ ಮಾಲಿನ ಗುಣ ಪರೀಕ್ಷಿಸಿ ಬರೆಯುವ ವ್ಯವಸ್ಥೆ ಏಕಿದೆ ಎಂಬುದು ಈ ಪಾಠ ಓದಿದವರಿಗೆ ಹೊಳೆಯಬೇಕು. ಮಾಲು ಕಾಣದಿದ್ದರೆ ಖರೀದಿದಾರನು ಹೆದರಿ ಕೆಳಗೆ ಕೂಗುತ್ತಾನೆ. ಗುಣಪತ್ರ ಸರಿಯಿದ್ದರೆ ಧೈರ್ಯವಾಗಿ ಏರುತ್ತಾನೆ. ಆದ್ದರಿಂದ ಒಣಗಿಸಿ, ಹಸನು ಮಾಡಿ ಒಯ್ಯುವುದು ರೈತನಿಗೇ ಲಾಭ.

ತೆರಿಗೆಯ ಒಂದು ಅಂಶ. ಬಳಸಿದ ವಸ್ತುಗಳನ್ನು ಕೊಂಡು ಮಾರುವ ನೋಂದಾಯಿತ ವ್ಯಾಪಾರಿಯು ಖರೀದಿಯ ಮೇಲಿನ ತೆರಿಗೆ ಜಮೆ ಪಡೆಯದಿದ್ದರೆ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ಅಂತರದ ಮೇಲೆ ಮಾತ್ರ ಜಿಎಸ್‌ಟಿ ಲೆಕ್ಕ ಹಾಕುವ ಅವಕಾಶ ನಿಯಮಗಳಲ್ಲಿದೆ. ನಿಮ್ಮ ವ್ಯವಹಾರಕ್ಕೆ ಅದು ಹೊಂದುತ್ತದೆಯೇ ಎಂದು ತೆರಿಗೆ ಸಲಹೆಗಾರರಲ್ಲಿ ಕೇಳಿಕೊಳ್ಳಿರಿ.

ಇನ್ನು ಮೋಸ. ದೊಡ್ಡ ಕಂಪನಿಯ ಹೆಸರು, ಬಣ್ಣ ಹಚ್ಚಿಕೊಂಡು, ಮರಳಿ ಬಂದ ಮಾಲಿನ ಪೆಟ್ಟಿಗೆ ಕೆಲವೇ ನೂರು ರೂಪಾಯಿಗೆ ಎಂಬ ಜಾಹೀರಾತು ಮೊಬೈಲಿನಲ್ಲಿ ಬಂದರೆ ನಿಲ್ಲಿರಿ. ಮಾರುವವನ ವಿಳಾಸ, ಜಿಎಸ್‌ಟಿ ಸಂಖ್ಯೆ ಇದೆಯೇ? ಮಾಲು ನೋಡಲು ಬಿಡುತ್ತಾನೆಯೇ? ಈಗಲೇ ಹಣ ಹಾಕಿರಿ ಎಂದು ಅವಸರ ಮಾಡುತ್ತಾನೆಯೇ? ಅವಸರ ಮಾಡುವವನಿಂದ ದೂರ ಇರುವುದು ಲೇಸು. ಹಣ ಹೋದದ್ದು ತಿಳಿದ ಕೂಡಲೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ನಾಚಿಕೆಯಿಂದ ಮುಚ್ಚಿಟ್ಟರೆ ಹಣ ಕೈ ದಾಟಿಹೋಗುತ್ತದೆ.

೮. ಮಾರುವಾಗ

ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳಿಗೆ ಮಾರುವಾಗ ನಾವೇ ಉತ್ತರ ಕೊಡಬೇಕಲ್ಲವೇ? ಮರಳಿ ಬಂದದ್ದನ್ನು ಮರಳಿ ಬಂದದ್ದು ಎಂದು, ರಿಪೇರಿ ಮಾಡಿದ್ದನ್ನು ರಿಪೇರಿ ಮಾಡಿದ್ದು ಎಂದು ಹೇಳಿ ಮಾರಬೇಕು. ಗೀರು ಇದ್ದರೆ ಗೀರಿನ ಚಿತ್ರವನ್ನೇ ಮುಂದೆ ಇಡಬೇಕು. ಕಾಯಕದ ಹಾದಿಯಲ್ಲಿ ಇದು ಸಹಜ ಧರ್ಮ. ವ್ಯಾಪಾರದ ಹಾದಿಯಲ್ಲಿಯೂ ಇದೇ ಲಾಭ. ಮುಚ್ಚಿ ಮಾರಿದ ವಸ್ತು ಎರಡನೆಯ ಸಲ ಮರಳಿ ಬರುತ್ತದೆ, ಅದರ ಖರ್ಚು ಈ ಸಲ ನಮ್ಮದು. ಹೇಳಿ ಮಾರಿದ ವಸ್ತುವಿನ ಗಿರಾಕಿಯು ಮತ್ತೆ ಬರುತ್ತಾನೆ.

ಸಾರಾಂಶ

ಸರಕಿನ ತರ ತಿಳಿಯದೆ ಕೂಗಬಾರದು. ಪಟ್ಟಿಯ ಹೊಸ ಬೆಲೆಯನ್ನು ನಂಬಿ ಲೆಕ್ಕ ಕಟ್ಟಬಾರದು. ಕಮಿಷನ್, ಬಾಡಿಗೆ, ಸತ್ತ ಮಾಲು, ಸ್ವಂತ ದುಡಿಮೆ ಈ ನಾಲ್ಕನ್ನೂ ಕಳೆದು ಮೇಲ್ಮಿತಿ ಬರೆಯಬೇಕು. ಬರೆದ ಮಿತಿಯನ್ನು ಹರಾಜಿನ ಬಿಸಿಯಲ್ಲಿ ತಿದ್ದಬಾರದು. ಸಾಲ ತಂದು, ಹೊಲದ ಬೀಜ ಗೊಬ್ಬರದ ಹಣ ಮುಟ್ಟಿ ಈ ವ್ಯಾಪಾರಕ್ಕೆ ಇಳಿಯಲೇಬಾರದು.

ಮನೆಯಲ್ಲಿ ಮಕ್ಕಳೊಡನೆ ಕುಳಿತು ಬಿಡಿಸಲು

೧. ಮೇಲಿನ ಲೆಕ್ಕದಲ್ಲಿ ಬಾಡಿಗೆ 250ರ ಬದಲು 140 ಡಾಲರ್ ಆದರೆ ಕೂಗಿನ ಮೇಲ್ಮಿತಿ ಎಷ್ಟಾಗುತ್ತದೆ? (ಉತ್ತರ: 340 ಡಾಲರ್.)

೨. ಹತ್ತು ಮಂದಿ ಕೂಗಿದಾಗ ಗೆದ್ದವನಿಗೆ ನಷ್ಟದ ಭಯ ಹೆಚ್ಚೋ, ಇಬ್ಬರೇ ಕೂಗಿದಾಗ ಹೆಚ್ಚೋ? ಹಗೇವಿನ ದೃಷ್ಟಾಂತದಿಂದ ವಿವರಿಸಿರಿ.

೩. ನಿಮ್ಮ ಪೇಟೆಯ ಲಿಲಾವಿನಲ್ಲಿ ಮಾಲನ್ನು ಬಿಚ್ಚಿ ತೋರಿಸುವ ಪದ್ಧತಿಯಿಂದ ರೈತನಿಗೆ ಆಗುವ ಲಾಭವೇನು? ವ್ಯಾಪಾರಿಗೆ ಆಗುವ ಲಾಭವೇನು?

೪. ನಿಮ್ಮ ಅಂಗಡಿಯಲ್ಲಿ ಕಳೆದ ವರ್ಷ ಸತ್ತ ಮಾಲು ಎಷ್ಟು? ಅದನ್ನು ಖಾತೆಯಲ್ಲಿ ಬೇರೆಯಾಗಿ ಬರೆದಿದ್ದೀರಾ?